ಸೋತು ಕೊಡಬಾರದು

ಜುಲೈ 7, ಸೋಮವಾರ

ಅಕೌಂಟ್ಸ್ ಲೆಕ್ಚರ್ ಬಂಕ್. ಆಸ್ಪತ್ರೆ. ಟೋಕನ್, ಕಾಯುವುದು, ಅಮ್ಮನ ಬ್ಯಾಗಿನ ಬಿಸ್ಕೆಟ್ — ಎಲ್ಲ ಎಂದಿನಂತೆ. ಡಾಕ್ಟರ್ ಮಾತ್ರ ಎಂದಿನಂತಿರಲಿಲ್ಲ. ಪಪ್ಪನ ಪ್ಯಾಂಕ್ರಿಯಾಸ್‌ನ ಕ್ಯಾನ್ಸರ್ ಲಿವರ್‌ಗೂ ಹರಡಿದೆ. ಇನ್ನು ಕೀಮೋ ಬೇಡ ಎಂದರು. ಕೆಲವು ತಿಂಗಳು, ಅಷ್ಟೇ. ಫೈಲ್ ಅಮ್ಮನಿಗೆ ಕೊಟ್ಟೆ. ಪಪ್ಪ ಕೇಳಿದ್ದು ಒಂದೇ ಪ್ರಶ್ನೆ, ಹಿಂದಿಯಲ್ಲಿ: ಇಪ್ಪತ್ತನೇ ತಾರೀಖಿನವರೆಗೆ ಸ್ವರ ಇರುತ್ತದಾ?

ಇಪ್ಪತ್ತಕ್ಕೆ ಭಾಂಡುಪ್‌ನಲ್ಲಿ ನಮ್ಮ ಕನ್ನಡ ಸಂಘದ ತಾಳಮದ್ದಲೆ, ಯಕ್ಷಗಾನದ ಮಾತಿನ ಕೂಟ. ಪಪ್ಪನದು ಹಠಮಾರಿ ರಾಜ. ಅವರ ಹಳೇ ಜೋಡಿ ಧನರಾಜ್ ಅಂಕಲ್, ಸಂಧಿಗೆ ಬರುವ ದೂತ. ವೇಷವಿಲ್ಲ, ಕುಣಿತವಿಲ್ಲ, ಬಾಯಿಪಾಠವಿಲ್ಲ. ಕೂತಲ್ಲೇ ವಾದ, ಗಂಟೆಗಟ್ಟಲೆ. ಈ ಸ್ಥಿತಿಯಲ್ಲಿ... ಕ್ರೇಜಿ.

ಜುಲೈ 10

ಧನರಾಜ್ ಅಂಕಲ್‌ಗೆ ಗುಟ್ಟಾಗಿ ಫೋನ್ ಮಾಡಿದೆ. ಹೆಚ್ಚು ಕೆಣಕಬೇಡಿ, ಬೇಗ ಒಪ್ಪಿಬಿಡಿ, ಪಪ್ಪನಿಗೆ ಸುಸ್ತಾಗುತ್ತದೆ ಎಂದೆ. ಆಗಲಿ ಮಗಾ ಎಂದರು. ಸ್ವಲ್ಪ ರಿಲೀಫ್.

ಜುಲೈ 13, ಭಾನುವಾರ

ದಹಿಸರ್‌ನ ನಮ್ಮ ಫ್ಲ್ಯಾಟ್‌ನಲ್ಲೇ ಇಬ್ಬರೂ ಒಂದು ಸುತ್ತು ಕೂತರು. ದೂತ ಎರಡೇ ಮಾತಿಗೆ ತಲೆಬಾಗಿದ. ರಾಜ ಹೇಳಿದ್ದೆಲ್ಲ ಸರಿ. ಪಪ್ಪ ಮಾತು ನಿಲ್ಲಿಸಿದರು.

"ಧನು, ನಾನು ಸತ್ತ ಮೇಲೆ ಮಾಡುವ ಮರ್ಯಾದೆ ಈಗ್ಲೇ ಎಂತಕ್ಕೆ ಮಾರಾಯ?"

ಅಂಕಲ್ ಅತ್ತುಬಿಟ್ಟರು. ಇವನ ಮುಖ ನೋಡಿಕೊಂಡು ಜಗಳ ನನ್ನಿಂದಾಗದು ಎಂದು ಹೊರಟರು. ಹೋಗುವಾಗ ನನ್ನತ್ತ ನೋಡಿದರು. ಪಪ್ಪ ಅದನ್ನೂ ನೋಡಿದರು. ಬೈಗುಳಕ್ಕೆ ಕಾದೆ.

"ಶ್ರಾವ್ಯಾ, ನೀನೇ ಕೂತ್ಕೋ ಎದುರು."

ತಾಳಮದ್ದಲೆಯ ಕನ್ನಡ ನನಗೆ ಬರುವುದಿಲ್ಲ, ಕಾಲೇಜಿನಲ್ಲಿ ಮಾಡಿದ್ದು ಇಂಗ್ಲಿಷ್ ಡಿಬೇಟ್ ಎಂದೆ.

"ಮಾತು ತುಂಡಾದ್ರೆ ಆಗ್ಲಿ. ಪ್ರಶ್ನೆ ಗಟ್ಟಿ ಇರ್ಲಿ. ಸೋತು ಕೊಟ್ರೆ ಮಾತ್ರ ನಾನು ಎದ್ದು ಹೋಗ್ತೇನೆ."

ಜುಲೈ 17

ದೂತನಾಗಿ ನಾನು ಕೂರಲು ಸಂಘದವರು ಒಪ್ಪಿದರು. ಪಪ್ಪ ಏನು ಕೇಳಿದರೂ ಈಗ ಯಾರೂ ‘ಇಲ್ಲ’ ಎನ್ನುವುದಿಲ್ಲ. ಲೋಕಲ್ ಟ್ರೈನಿನಲ್ಲಿ ದೂತನ ಮಾತು ಗುಣುಗುತ್ತಿದ್ದೆ, ಪಕ್ಕದ ಹೆಂಗಸು ಸೀಟು ಬದಲಿಸಿದಳು.

ಅಮ್ಮನಿಗೆ ನಮ್ಮಿಬ್ಬರ ಮೇಲೂ ಸಿಟ್ಟು. ಗಂಜಿ ಕೊಡುತ್ತಾ ಕೇಳಿಯೇಬಿಟ್ಟಳು — ಆ ರಾಜನಿಂದ ನಿಮಗೆ ಸಿಗುವುದಾದರೂ ಏನು?

"ಗೋರೆಗಾಂವ್‌ನ ಹೋಟೆಲ್ ಗಲ್ಲಾದಲ್ಲಿ ಕೂತು ಇಷ್ಟು ವರ್ಷ ಎಲ್ರಿಗೂ ಹಾಂ ಜೀ, ಹಾಂ ಜೀ ಅಂದೆ, ರಾಜೀವಿ. ಇಲ್ಲ ಅಂದದ್ದು ತಾಳಮದ್ದಲೆಯಲ್ಲಿ ಮಾತ್ರ. ಇನ್ನೊಮ್ಮೆ ಗಟ್ಟಿಯಾಗಿ ಅಂತೇನೆ."

ಅಮ್ಮ ಎದ್ದು ಅವರ ಜರಿಶಾಲಿಗೆ ಇಸ್ತ್ರಿ ಹಾಕತೊಡಗಿದಳು.

ಜುಲೈ 20, ಭಾನುವಾರ, ಸಂಜೆ

ಸ್ಟೇಜಿನ ಹಿಂದೆ. ತಾಳಮದ್ದಲೆಯ ನಡುವೆ ಸಭಾ ಕಾರ್ಯಕ್ರಮ, ಅಧ್ಯಕ್ಷರ ಭಾಷಣ ಮುಗಿಯುವುದರೊಳಗೆ ಬರೆಯಬೇಕು.

ನನ್ನ ಮೊದಲ ಮಾತಿಗೇ ಯಾರೋ ನಕ್ಕರು. ಕಿವಿ ಬಿಸಿಯಾಯಿತು. ಕಲಿತದ್ದೆಲ್ಲ ಬಿಟ್ಟು ನನ್ನದೇ ಪ್ರಶ್ನೆ ಕೇಳಿದೆ: ಸೋಲೆಂದು ಗೊತ್ತಿರುವ ಯುದ್ಧ ಯಾಕೆ ಮಹಾರಾಜ? ಉಳಿದಷ್ಟು ದಿನ ಮನೆಯವರ ಜೊತೆ ಸುಮ್ಮನೆ ಇರಬಾರದೇ?

ನಗು ನಿಂತಿತು. ಪಪ್ಪ ನೀರು ಕುಡಿದರು. ಶಾಲಿನ ಒಳಗೆ ಕೈ ಹೊಟ್ಟೆಯನ್ನು ಒತ್ತಿ ಹಿಡಿದಿತ್ತು, ಕಂಡಿದ್ದು ನನಗೆ ಮಾತ್ರ. ಒಪ್ಪಿದೆ ಮಹಾರಾಜ ಎನ್ನಲು ಬಾಯಿ ತೆರೆದೆ. ಮುಚ್ಚಿದೆ. ಕಾದೆ.

"ದೂತ, ಸೋಲು ನಾಳೆಯದು. ಇವತ್ತು ನಾನು ರಾಜ. ನಾಳೆಯ ಸೋಲಿಗೆ ಇವತ್ತೇ ಕಪ್ಪ ಒಪ್ಪಿಸಲೇ?"

ಎಂಥ ಚಪ್ಪಾಳೆ. ಪಪ್ಪ ಹುಬ್ಬು ಹಾರಿಸಿದರು — ಎಂತ, ಮುಗೀತಾ ಎಂಬಂತೆ.

ಭಾಷಣ ನಿಂತಿತು. ಭಾಗವತರು ಮುಂದಿನ ಪದ ಹಾಡತೊಡಗಿದ್ದಾರೆ, ಪಪ್ಪ ಆಗಲೇ ಹೋಗಿ ಕೂತಾಯಿತು. ಅವರ ಉತ್ತರದಲ್ಲಿ ತೂತು ಉಂಟು, ಹಿಡಿದಿದ್ದೇನೆ. ಬಿಡುವುದಿಲ್ಲ. ನಾಳೆ ನಿಮ್ಮದಲ್ಲ, ಸರಿ ಮಹಾರಾಜ. ಆ ನಾಳೆಯಲ್ಲಿ ಉಳಿಯುವ ನಾವು—