ಹನ್ನೆರಡು ಹರಳು

ಭಾಲ್ಕಿ
೧೬ ಫೆಬ್ರವರಿ ೨೦೨೫

ಮೊಮ್ಮಗಳು ಮಹಾಮಾಯಾಳಿಗೆ ಜೈಭೀಮ್.

ನಿನ್ನ ಕೆಮ್ಮು ಹೋಯಿತೇ? ಪುಣೆಗೆ ಹೋದ ಮೇಲೆ ತಣ್ಣಗಿನದು ತಿನ್ನಬೇಡ ಎಂದರೆ ಕೇಳುವವಳಲ್ಲ ನೀನು. ನನ್ನ ಮೊಣಕಾಲು ಹಾಗೇ ಇದೆ, ಅದರ ಮಾತು ಬಿಡು. ಫೋನಿನಲ್ಲಿ ನೀನು ಅರ್ಧ ಹೇಳುವುದರೊಳಗೆ ನನಗೆ ಸಿಟ್ಟು ಬರುತ್ತದೆ, ಅದಕ್ಕೇ ಈ ಕಾಗದ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳ ಅಕ್ಷರ, ನಗಬೇಡ.

ದೀಪಾವಳಿ ಮುಗಿಸಿ ಹೊರಟಾಗ ಬೀದರ್ ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ನಿನ್ನ ಕೆಲಸ ಏನೆಂದು ತಿಳಿಸಿದೆಯಲ್ಲ, ಅಂದಿನಿಂದ ನನ್ನ ತಲೆ ಕೆಟ್ಟಿದೆ. ಲೇಸರ್ ಬೆಳಕನ್ನು ಎರಡು ಪಾಲು ಮಾಡುತ್ತೀರಿ, ಒಂದು ಪಾಲು ದೂರದ ಕನ್ನಡಿಗೆ ಹೋಗಿ ತಿರುಗಿ ಬಂದು ಇನ್ನೊಂದರ ಜೊತೆ ಕೂಡಿದಾಗ ಕಪ್ಪು-ಬೆಳಕಿನ ಗೆರೆಗಳು ಮೂಡುತ್ತವೆ, ಅದರಿಂದ ದೂರ ತಿಳಿಯುತ್ತದೆ, ಕೂದಲೆಳೆಯ ನೂರನೇ ಪಾಲೂ ತಪ್ಪದು ಎಂದೆ. ಕಾಲೇ ಇಲ್ಲದ ಬೆಳಕು ಹೆಜ್ಜೆ ಹಾಕಿ ಅಳೆಯುವುದು ಹೇಗೆ ಎಂದು ನಾನು ಕೇಳಿದೆ. "ಹಳೇ ಮಶೀನು ಗೆರಿ ಎಣಿಸ್ತದ ಅಜ್ಜೀ. ಕನ್ನಡಿ ಸರಿಸ್ಕೋತ ಹೋಗ್ಬೇಕು. ನಡುವ ಯಾರರೆ ಅಡ್ಡ ಬಂದ್ರ ಎಣಿಕಿ ಹೋತು, ಮತ್ತ ಮೊದಲಿಂದ" ಎಂದೆ ನೀನು. ನಿಮ್ಮ ಹೊಸದು ಕನ್ನಡಿ ಸರಿಸದೆ, ಬೆಳಕಿನ ಬಣ್ಣವನ್ನೇ ಚೂರುಚೂರು ಬದಲಿಸಿ, ಇಲ್ಲಿಂದ ಅಲ್ಲಿಗೆ ಇಷ್ಟೇ ಎಂದು ಹೇಳುತ್ತದಂತೆ. ಅಷ್ಟರಲ್ಲಿ ಬಸ್ಸು ಬಂತು. ಬಣ್ಣಕ್ಕೂ ದೂರಕ್ಕೂ ಏನು ಸಂಬಂಧ? ನಾನು ಕೆಂಪು ಸೀರೆ ಉಟ್ಟರೆ ನನ್ನ ತವರು ಎಕಂಬಾ ಹತ್ತಿರವಾಗುತ್ತದೆಯೇ? ಇನ್ನೊಂದು ಮಾತು: ಅಡ್ಡ ಬಂದದ್ದು ಹಳೇ ಮಶೀನಿಗೆ ಗೊತ್ತಾಗುತ್ತದೋ, ಇಲ್ಲ ಗೊತ್ತಾಗದೆ ತಪ್ಪನ್ನೇ ಹೇಳುತ್ತದೋ? ಇದನ್ನು ಮರೆಯದೆ ಬರೆ.

ಎಕಂಬಾದಿಂದ ನನ್ನ ತಮ್ಮ ಪಂಢರಿಯ ಮಗ ಸಂಘಪಾಲ ಬಂದಿದ್ದ. ಮುಂದಿನ ತಿಂಗಳು ಅವನ ಮದುವೆ. "ಅಕ್ಕ ಬಂದು ಮುಂದ ನಿಂತ್ರ ಸಾಕು, ಬದುವಿನ ಮಾತು ತೆಗಿಯಂಗಿಲ್ಲ" ಎಂದು ಪಂಢರಿ ಹೇಳಿಕಳಿಸಿದ್ದಾನೆ, ಹನ್ನೊಂದು ವರ್ಷ ನನ್ನ ಹೊಸ್ತಿಲು ತುಳಿಯದವನು. ಅಪ್ಪನ ಹೊಲ ನಮ್ಮಿಬ್ಬರಿಗೆ ಪಾಲಾದಾಗ ಅಳೆದವಳು ನಾನೇ. ಯಾರ ಹೊಲವಾದರೂ ಊರವರು ನನ್ನ ಹೆಜ್ಜೆಯನ್ನೇ ನಂಬುತ್ತಿದ್ದರು. ಅಪ್ಪನ ಹೊಲ ಉದ್ದಕ್ಕೆ ಇನ್ನೂರ ನಲವತ್ತು ಹೆಜ್ಜೆ; ನನ್ನ ಪಾಲಿನ ಕಡೆಯಿಂದ ಹೊರಟೆ, ಮುಷ್ಟಿಯಲ್ಲಿ ಹನ್ನೆರಡು ಹರಳು. ಹತ್ತು ಹೆಜ್ಜೆಗೆ ಒಂದನ್ನು ಕೆಳಗೆ ಬಿಡುವುದು. ಮುಷ್ಟಿ ಬರಿದಾದಲ್ಲಿ ಅರ್ಧ ಹೊಲ, ಅಲ್ಲೇ ಗಡಿಕಲ್ಲು. "ಅಕ್ಕಾ, ನನ್ನ ಪಾಲು ಸಣ್ಣದು ಕಾಣ್ತದ, ಇನ್ನೊಮ್ಮಿ ಅಳಿ" ಎಂದ ಪಂಢರಿ. "ನನ್ನ ಕಾಲಿನ ಮ್ಯಾಲ ಸಂಶಯ ಏನಲೇ?" ಎಂದು ಎಲ್ಲರೆದುರು ಕೂಗಿದೆ. ಸರ್ವೇದವರನ್ನು ಕರೆಸು ಎಂದವರಿಗೆ ಅವನು "ಅಕ್ಕ ಅಳೆದ ಮ್ಯಾಲ ಸರಪಳಿ ಎಳ್ಯಂಗಿಲ್ಲ" ಎಂದನಂತೆ. ಹಟಮಾರಿ. ನೀನು ಮದುವೆಗೆ ಮುಂಚೆ ಆ ಮಶೀನು ತಂದು ಹೊಲ ಅಳೆದು ಅವನಿಗೆ ತೋರಿಸಿಬಿಡು. ಆಮೇಲೆ ನಾನು ತಲೆ ಎತ್ತಿ ಹೋಗುತ್ತೇನೆ.

ಹೊಟ್ಟೆತುಂಬ ಉಣ್ಣು, ಚೆನ್ನಾಗಿರು, ನಿನ್ನ ಬೆಳಕಿಗೆ ಯಾರೂ ಅಡ್ಡ ಬಾರದಿರಲಿ.

ನಿನ್ನ ಅಜ್ಜಿ
ಶಾಲುಬಾಯಿ

ತಾ.ಕ.: ಮಶೀನು ಬರದಿದ್ದರೆ ಟೇಪು ಸಾಕು. ಅಂದು ಅಳೆಯುವಾಗ ನಡುಹೊಲದಲ್ಲಿ ಪಕ್ಕದ ಹೊಲದ ವಜೀರಬೀ ಅಡ್ಡ ಬಂದು "ಆಪಾ, ಮಗಳು ಹಡೆದಳಂತ, ಏನಾತು?" ಎಂದು ಕೇಳಿದಳು. ಹುಟ್ಟಿದ್ದು ನೀನಲ್ಲ, ನಿನ್ನ ತಮ್ಮ. ಉತ್ತರ ಕೊಟ್ಟು ತಿರುಗಿದರೆ ಆ ಹತ್ತು ಹೆಜ್ಜೆಯ ಹರಳು ಬಿಟ್ಟೆನೋ ಇಲ್ಲವೋ ತಿಳಿಯಲಿಲ್ಲ. ಇವತ್ತಿಗೂ ತಿಳಿಯದು. ಎಲ್ಲರೂ ನೋಡುತ್ತಿದ್ದರು, ಮುಂದೆ ನಡೆದುಬಿಟ್ಟೆ. ಅಳೆಯುವ ಮುಂಚೆ ಪಂಢರಿಗೆ ಇದನ್ನು ನಾನೇ ಹೇಳುತ್ತೇನೆ. ನೀನು ಪಕ್ಕದಲ್ಲಿ ನಿಲ್ಲು. ನನ್ನ ದನಿ ಏರಿದರೆ ಸೆರಗು ಜಗ್ಗು.