ತೇಲಿದ ಒಂಬತ್ತು ಹನಿ

ಲಾರಿ ಓಣಿ, ಹೊಸಪೇಟೆ
13-2-2007, ಮಂಗಳವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಬಂದರಿನ ಲಾರಿ ಸಾಲು ಒಂದು ಗೇಣಾದರೂ ಮುಂದೆ ಸರಿಯಿತೇ? ನಿನ್ನ ಸೊಂಟ ಮತ್ತು ಲಾರಿಯ ಕ್ಲಚ್ಚು, ಎರಡೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾನು ಕ್ಷೇಮ. ಎದುರು ಮನೆಯ ನಾಯಿ, ಕೆಂಪು ಧೂಳು ತಿಂದು ಬಣ್ಣ ಬದಲಾದರೂ, ಕ್ಷೇಮ. ಅವ್ವನ ಹೆಸರಿನ ಮುಂದೆ ಮಾತ್ರ ಆ ಪದ ಬರೆಯಲು ಕೈ ಬರುತ್ತಿಲ್ಲ. ಅದಕ್ಕೇ ಈ ಪತ್ರ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನು ಹಿಡಿದರೆ ಅವ್ವ ಪಕ್ಕದಲ್ಲೇ ಠಾಣೆಯ ಪೊಲೀಸಿನಂತೆ ನಿಂತು, "ಎಲ್ಲಾ ಆರಾಮ್ ಅನ್ನು, ಆರಾಮ್ ಅನ್ನು" ಎಂದು ಸನ್ನೆ ಮಾಡುತ್ತಾಳೆ. ಹೀಗಾಗಿ ನಿನ್ನ ಬಂದರಿಗೇ ಹೊರಟಿರುವ ಮೂಕಣ್ಣ ಮಾಮನ ಲಾರಿಯೇ ನನ್ನ ಅಂಚೆ ಇಲಾಖೆ.

ನಿನಗೆ ಹೆಮ್ಮೆಯ ಸುದ್ದಿ ಮೊದಲು. ನಿನ್ನ ಮಗಳು ಕಾಲೇಜಿನ ರಕ್ತದಾನ ಶಿಬಿರದ ಸಂಚಾಲಕಿಯಾಗಿದ್ದಳು. ಅರ್ಹತೆ ಏನೆಂದು ಕೇಳಬೇಡ. ಎನ್ನೆಸ್ಸೆಸ್ ಮೇಷ್ಟ್ರು, "ಗಂಗಾ, ನಿನ್ನ ಗಂಟಲಿಗೆ ಮೈಕ್ ಬ್ಯಾಡ, ನೀನ ಮಾಡು" ಎಂದರು. ಒಂದು ವಾರ ಸಂತೆ, ಬಸ್‌ಸ್ಟ್ಯಾಂಡು, ಹೋಟೆಲು ಸುತ್ತಿ ಜನರನ್ನು ಕರೆದೆ. ಮೀಸೆ ಹೊತ್ತ ಮಹಾವೀರರೆಲ್ಲ ಸೂಜಿಯ ಹೆಸರು ಕೇಳಿ, "ನನಗ ಇವತ್ತ ಸಂಡೂರಾಗ ಅರ್ಜೆಂಟ್ ಕೆಲಸ ಐತಿ ನೋಡವ್ವ" ಎಂದು ಜಾಗ ಖಾಲಿ ಮಾಡಿದರು. ಮೊನ್ನೆ ಭಾನುವಾರ ಶಿಬಿರ; ಬೆಳಿಗ್ಗೆ ಹತ್ತಾದರೂ ಮಂಚಗಳು ಖಾಲಿ. ದಾನಿಗಳಿಗೆಂದು ಕಮಲಾಪುರದಿಂದ ತರಿಸಿದ್ದ ನಾಲ್ಕು ಗೊನೆ ಬಾಳೆಹಣ್ಣನ್ನು ನಾನೂ ಮೇಷ್ಟ್ರೂ ಕಾಯುತ್ತಾ ಕುಳಿತಿದ್ದೆವು.

ಆಗ ಬಂದಳು ನೋಡು, ನಿನ್ನ ಹೆಂಡತಿ! ಮಗಳ ಮರ್ಯಾದೆ ಹೋಗಬಾರದೆಂದು ನಮ್ಮ ಓಣಿಯ ಎಂಟು ಡ್ರೈವರುಗಳ ಹೆಂಡತಿಯರನ್ನು ಹಿಂದೆ ಕಟ್ಟಿಕೊಂಡು, ಮದುವೆಗೆ ಬಂದವರ ಹಾಗೆ ಇಲಕಲ್ ಸೀರೆ ಉಟ್ಟು, ತಲೆ ತುಂಬಾ ಮಲ್ಲಿಗೆ ಮುಡಿದು ದಂಡಯಾತ್ರೆ ಬಂದಳು. ಮುಂದೆ ಅವ್ವ, ಪಕ್ಕದಲ್ಲಿ ಮೂಕಣ್ಣ ಮಾಮನ ಹೆಂಡತಿ ವಿರುಪಮ್ಮ ಅತ್ತೆ. "ಎಷ್ಟ್ ಬೇಕೋ ತಗೋರಿ ಡಾಕ್ಟ್ರೇ, ನಮ್ಮ ಹುಡುಗಿ ಹೆಸರು ಉಳೀಬೇಕು" ಎಂದು ಅವ್ವ ತೋಳು ಚಾಚಿದಳು. ನನ್ನ ಎದೆ ಎರಡು ಗೇಣು ಉಬ್ಬಿತು.

ರಕ್ತ ತೆಗೆಯುವ ಮುಂಚೆ ಒಂದು ಪರೀಕ್ಷೆ ಇದೆಯಪ್ಪಾ. ಬೆರಳು ಚುಚ್ಚಿ ಒಂದು ಹನಿಯನ್ನು ನೀಲಿ ನೀರಿಗೆ ಬಿಡುತ್ತಾರೆ. ರಕ್ತದಲ್ಲಿ ಕಬ್ಬಿಣದ ಸತ್ವ ಸಾಕಷ್ಟಿದ್ದರೆ ಹನಿ ಮುಳುಗುತ್ತದೆ. ಅವ್ವನ ಹನಿ ಮುಳುಗಲಿಲ್ಲ. ಮೇಲೆಯೇ, ಕೆರೆಯಲ್ಲಿ ಎಮ್ಮೆ ತೇಲಿದ ಹಾಗೆ, ಆರಾಮಾಗಿ ತೇಲಿತು. ವಿರುಪಮ್ಮ ಅತ್ತೆಯದೂ ತೇಲಿತು. ಒಂಬತ್ತಕ್ಕೆ ಒಂಬತ್ತೂ ತೇಲಿದವು. ಡಾಕ್ಟರಮ್ಮ ನೀಲಿ ನೀರೇ ಕೆಟ್ಟಿದೆ ಎಂದುಕೊಂಡು ಮಷಿನ್ನಿಗೆ ಹಾಕಿದರು. ಅವ್ವನ ಹಿಮೋಗ್ಲೋಬಿನ್ ಆರು. "ಆರು ಅಂದ್ರ ಫಸ್ಟ್ ಕ್ಲಾಸ್ ಹೌದಲ್ಲೇ?" ಎಂದು ಅವ್ವ ನನ್ನ ಕಡೆ ನೋಡಿ ನಕ್ಕಳು. ನಾನೂ ನಕ್ಕೆ. ಹನ್ನೆರಡೂವರೆ ಇದ್ದರೆ ಮಾತ್ರ ರಕ್ತ ಕೊಡಬಹುದಂತೆ. "ಈಯಮ್ಮ ಇಷ್ಟರಾಗ ನಿಂತಿರೋದ ಹೆಂಗ್ರೀ?" ಎಂದರು ಡಾಕ್ಟರಮ್ಮ. ಆಮೇಲೆ ನಾನು ನಗಲಿಲ್ಲ.

ದೇಶದೇಶಕ್ಕೆ ಕಬ್ಬಿಣ ಕಳಿಸುವ ಊರಿನ ಹೆಂಗಸರ ಮೈಯಲ್ಲಿ ಒಂದು ಹನಿ ಮುಳುಗಿಸುವಷ್ಟು ಕಬ್ಬಿಣವಿಲ್ಲ. ಇದನ್ನು ಜೋಕು ಮಾಡಿ ಬರೆಯಬೇಕೆಂದು ಮೂರು ಸಲ ಕೂತೆ, ಬರಲಿಲ್ಲ.

ಡಾಕ್ಟರಮ್ಮ ಪಾಪ, ಅವರನ್ನೆಲ್ಲ ಕೂರಿಸಿ ಬಾಳೆಹಣ್ಣು ಕೊಟ್ಟರು. ಅವ್ವ ಕೈ ಹಿಂದೆ ಎಳೆದುಕೊಂಡು, "ಬ್ಯಾಡ್ರಿ, ನಂದು ಒಪ್ಪತ್ತು" ಎಂದಳು. ವಿರುಪಮ್ಮ ಅತ್ತೆ, "ನಂದೂ ಒಪ್ಪತ್ತ್ರಿ." ಆಚೆಯವಳು, "ನಮ್ಮೆಲ್ಲಾರ್ದೂ." "ಯಾವ ದೇವರಿಗೆ ಇದು?" ಎಂದರು ಡಾಕ್ಟರಮ್ಮ. "ದೇವರಿಗಲ್ರಿ, ಲಾರಿಗೆ" ಎಂದಳು ಅವ್ವ.

ನಮ್ಮ ಓಣಿಯ ಪದ್ಧತಿ ನಿನಗೆ ಗೊತ್ತೇ ಇದೆ. ಲಾರಿ ಹೊರಟ ಗಳಿಗೆಯಿಂದ ಮನೆ ಮುಂದೆ ಬಂದು ನಿಲ್ಲುವವರೆಗೆ ಹೆಂಡತಿಗೆ ದಿನಕ್ಕೆ ಒಂದೇ ಊಟ. ನೀನು ಕಂಪ್ಲಿ ಅಕ್ಕಿ ಹೇರುತ್ತಿದ್ದ ಕಾಲದಲ್ಲಿ ಎರಡು ದಿನಕ್ಕೆ ಮನೆಗೆ ಬರುತ್ತಿದ್ದೆ. ಹೊಟ್ಟೆಗೂ ಗಾಡಿಗೂ ಒಪ್ಪಂದವಿತ್ತು. ಅದಿರು ಶುರುವಾದ ಮೇಲೆ ಸಂಡೂರಿನಲ್ಲಿ ಲೋಡು, ಬಂದರಿನಲ್ಲಿ ಎಂಟು ದಿನ ಸಾಲು, ವಾಪಸ್ ನೇರ ಗಣಿಗೆ. ಲಾರಿ ಮನೆ ಮುಂದೆ ನಿಲ್ಲುವುದೇ ತಿಂಗಳಿಗೊಮ್ಮೆ. ಒಪ್ಪತ್ತು ಮಾತ್ರ ನಿಲ್ಲಲಿಲ್ಲ. ಮೂರು ವರ್ಷ, ಅಪ್ಪಾ! ನಾನು ಅದೇ ಮನೆಯಲ್ಲಿ ಕೂತು, ಬಡಿಸಿದ್ದನ್ನೆಲ್ಲ ಉಂಡು, ಊರಿಗೆ ಆರೋಗ್ಯದ ಭಾಷಣ ಮಾಡಿಕೊಂಡಿದ್ದೆ.

ಬರುವ ಸೋಮವಾರ ಅವ್ವನನ್ನು ಆಸ್ಪತ್ರೆಗೆ ಸೇರಿಸಿ ಎರಡು ಬಾಟ್ಲಿ ರಕ್ತ ಏರಿಸಬೇಕು. ರಕ್ತಕ್ಕೆ ತೊಂದರೆಯಿಲ್ಲ, ಹೆಂಗಸರು ಬಂದದ್ದು ನೋಡಿ ನಾಚಿದ ಮೀಸೆಗಳು ಮಧ್ಯಾಹ್ನ ಮೂವತ್ತೊಂದು ಬಾಟ್ಲಿ ಕೊಟ್ಟವು. ಆದರೆ ಡಾಕ್ಟರಮ್ಮ ಹೇಳಿದ್ದು, "ನಾ ಮ್ಯಾಲಿಂದ ಹಾಕ್ತೀನಿ, ಈಕಿ ಉಣ್ಣದಿದ್ರ ಎಷ್ಟ್ ದಿನ?" ನನ್ನ ಮಾತನ್ನು ಅವ್ವ ಕೇಳುವುದಿಲ್ಲ. "ಘಟ್ಟದಾಗ ನಿಮ್ಮಪ್ಪಗ ಏನಾರ ಆದ್ರ, ಆ ಎರಡನೇ ತುತ್ತಿನ ಪಾಪ ಯಾರಿಗೆ?" ಎನ್ನುತ್ತಾಳೆ. ಆದ್ದರಿಂದ ನೀನೇ ಫೋನು ಮಾಡಿ, ಎರಡು ಹೊತ್ತು ಉಣ್ಣು ಎಂದು ಗದರಿಸಿ ಹೇಳು.

ಅವ್ವನ ಕಡೆಯಿಂದ ನಿನಗೆ, ಬಿಸಿಲಲ್ಲಿ ತಿರುಗಬೇಡ, ಹೊತ್ತಿಗೆ ಸರಿಯಾಗಿ ಉಣ್ಣು ಎಂಬ ಸಂದೇಶ. ಹೌದು, ಹೀಗೆಂದು ಅವಳೇ ಬರೆಸಿದ್ದು.

ನಿನ್ನ ಮಗಳು,
ಗಂಗಾ

ತಾ.ಕ.: ಮಾಮ ಹಾರನ್ ಹೊಡೆಯುತ್ತಿದ್ದಾನೆ, ಜಲ್ದಿ ಬರೆಯುತ್ತೇನೆ. ಫೋನು ಸಾಲುವುದಿಲ್ಲ ಅಪ್ಪಾ. ನೀನು ಫೋನಿನಲ್ಲಿ ಹೇಳಿದರೆ ಉಣ್ಣುತ್ತೀಯಾ ಎಂದು ಈಗಷ್ಟೇ ಅವ್ವನನ್ನು ಕೇಳಿದ್ದಕ್ಕೆ ಅವಳೆಂದಳು: "ಮಾತಿಗೆ ಮುರಿಯೋ ಒಪ್ಪತ್ತಲ್ಲ ಇದು, ಲಾರಿ ಬಂದು ನಿಂದ್ರಬೇಕು." ಸಾಲಿನ ನಂಬರು ಹೋದರೆ ಹೋಗಲಿ, ಲೋಡು ಸಮೇತ ತಿರುಗಿಸಿಕೊಂಡು ಸೋಮವಾರದೊಳಗೆ ಬಾ. ಮಾಮನನ್ನೂ ಕರೆದುಕೊಂಡು ಬಾ. ವಿರುಪಮ್ಮ ಅತ್ತೆಯದು ನಾಲ್ಕೂವರೆ. ಅವನಿಗೆ ಗೊತ್ತಿಲ್ಲ. ಟಯರ್ ಸಿಡಿದು ಅವನು ನಿನ್ನೆ ಮನೆಯಲ್ಲಿ ಉಳಿದ, ಅತ್ತೆ ಎರಡು ಹೊತ್ತು ಉಂಡಳು. ಈಗ ಗಾಡಿ ಹೊರಟರೆ ಮತ್ತೆ ಶುರು. ಮಾಮನಿಗೆ ಹೇಳಬಾರದೆಂದು ಅತ್ತೆ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ, ನಿನಗೆ ಬರೆಯಬಾರದೆಂದು ಹಾಕಿಸಿಕೊಂಡಿಲ್ಲ. ಘಟ್ಟ ಇಳಿಯುವ ಮಾಮ ದಾರಿಯಲ್ಲೇ ತೆರೆದು ಓದಿ ಗಾಬರಿಯಾಗಬಾರದೆಂದು ಲಕೋಟೆಗೆ ಎರಡು ಸಲ ಅಂಟು ಹಚ್ಚುತ್ತೇನೆ. ಅವನು ಗಾಡಿ ನಿಲ್ಲಿಸಿ, ಕೀಲಿ ನಿನ್ನ ಕೈಗೆ ಬಂದ ಮೇಲೆ, ನೀನೇ ಅವನಿಗೆ ಓದಿ ಹೇಳು.