ಅರ್ಧಕ್ಕಿಳಿಸಿದ ನೀರು

ಫೆಬ್ರವರಿ ೯, ಬೆಳಿಗ್ಗೆ

ಹಾಲು ಉಕ್ಕುವುದನ್ನು ಕಾಯುವವರನ್ನು ಕಂಡಿದ್ದೇನೆ. ನೀರು ಇಂಗುವುದನ್ನು ಕಾಯುವ ಗಂಡಸು ಈ ವಠಾರದಲ್ಲಿ ನಾನೊಬ್ಬನೇ. ದೊಡ್ಡ ಪಾತ್ರೆ, ಸಣ್ಣ ಉರಿ. ತುಂಬ ಇಟ್ಟದ್ದು ಅರ್ಧಕ್ಕಿಳಿಯಬೇಕು. ಕಷಾಯಕ್ಕಿರುವ ಮರ್ಯಾದೆ ನೀರಿಗೆ ಯಾಕಿರಬಾರದು?

ಇವಳ ಬಸಿರಿನ ಟೆಸ್ಟ್ ಪಟ್ಟಿಯಲ್ಲಿ ಎರಡು ಗೆರೆ ಬಂದ ದಿನವೇ ಅಧಿಕಾರ ಸ್ವೀಕರಿಸಿದೆ. ಕಳೆದ ಸಲ ಮೂರು ತಿಂಗಳು ತುಂಬುವ ಮೊದಲೇ ಕೈತಪ್ಪಿತು. ಯಾಕೆಂದು ಯಾರೂ ಹೇಳಲಿಲ್ಲ. ಈ ಸಲ ನಮ್ಮ ಕಡೆಯಿಂದ ಲೋಪವಾಗಕೂಡದು. ಆಗ ನರ್ಸ್ ಹೇಳಿದ್ದು ನೆನಪಿದೆ — ಕಾಯಿಸಿ ಆರಿಸಿದ ನೀರೇ ಕುಡಿಯಬೇಕು. ಐದು ನಿಮಿಷ ಕುದಿಸಿದರೆ ಸಾಕಂತೆ. ಅದು ಊರಿಗೆಲ್ಲ ಹೇಳುವ ಅಳತೆ. ಮನೆಯ ಅಳತೆ ಬೇರೆ.

"ರೀ, ಅದು ನೀರು. ಎಷ್ಟು ಹೊತ್ತಿಟ್ಟರೂ ಬೇಯಲ್ಲ," ಎಂದಳು ಇವಳು.

"ಅಂಚೆ ಕೌಂಟರಿನಲ್ಲಿ ಕೂತು ಸ್ಟಾಂಪು ಹರಿಯೋಳಿಗೆ ಇದೆಲ್ಲ ಅರ್ಥವಾಗಲ್ಲ."

"ಹೌದೌದು, ಡ್ರೈವಿಂಗ್ ಕಲಿಸೋರಿಗೆ ಅರ್ಥವಾಗುತ್ತೆ."

ಎರಡು ಗೆರೆ ಎಂದ ಕೂಡಲೇ ಅತ್ತೆ ಬಂದು ಬೀಡುಬಿಟ್ಟಿದ್ದಾರೆ. ಅವರು ನನ್ನ ಪಕ್ಷ. "ಅಳಿಯಂದ್ರು ಮಾಡ್ತಿರೋದು ಸರಿ," ಎಂದರು. ಮದುವೆಯಾದ ಮೇಲೆ ಇದೇ ಮೊದಲು. ದಾಖಲಾಗಲಿ.

ಫೆಬ್ರವರಿ ೨೭

ಪಾತ್ರೆಯ ತಳದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಪೊರೆ. ಉಗುರಿನಿಂದ ಕೆರೆದು ಇವಳಿಗೆ ತೋರಿಸಿದೆ. "ನೋಡು, ಇಷ್ಟೂ ನಿನ್ನ ಹೊಟ್ಟೆಗೆ ಹೋಗ್ತಿತ್ತು."

ವಾಂತಿ ಮಾಡಿ ಸುಸ್ತಾಗಿದ್ದವಳು ಒಂದೇ ಕಣ್ಣು ತೆರೆದಳು. "ಫ್ರೇಮ್ ಹಾಕಿಸಿ."

ಈ ನೀರು ಇವಳಿಗೆ ಮಾತ್ರ. ನಾನು, ಅತ್ತೆ ನಲ್ಲಿಗೇ ಬಾಯಿಡುವ ಸಾಮಾನ್ಯ ಪ್ರಜೆಗಳು. ಇವಳ ಆಫೀಸ್ ಬಾಟಲಿಗೂ ಇದೇ, ಚಹಾಕ್ಕೂ ಇದೇ. ವಾಂತಿಯಾದಷ್ಟೂ ಕುಡಿಸುತ್ತೇನೆ. ಬೇಡವೆಂದರೂ ಬಿಡುವುದಿಲ್ಲ.

ಏಪ್ರಿಲ್ ೧೮

ಬ್ಯಾಂಕಿನ ಮೇಡಂಗೆ ರಿವರ್ಸ್ ಪಾಠ. ಜಾಗ — ಹಳೆಯ ಕಂಬದ ಯಾರ್ಡ್. ಒಂದು ಕಾಲದಲ್ಲಿ ಮರದ ಕಂಬಗಳಿಗೆ ಗೆದ್ದಲು ಹಿಡಿಯದಂತೆ ಇಲ್ಲಿ ತೊಟ್ಟಿಯಲ್ಲಿ ಮುಳುಗಿಸಿ ಔಷಧಿ ಕುಡಿಸುತ್ತಿದ್ದರು. ಕಂಪನಿ ಮುಚ್ಚಿ ಎಷ್ಟೋ ವರ್ಷವಾಯಿತು. ಇವತ್ತಿಗೂ ಒಂದು ಹುಲ್ಲುಕಡ್ಡಿ ಹುಟ್ಟುವುದಿಲ್ಲ. ಕಲಿಯುವವರ ಪಾಲಿಗೆ ಇದಕ್ಕಿಂತ ಒಳ್ಳೆಯ ಮೈದಾನ ಉಂಟೆ?

ಹಿಂದಿನ ಗೋಡೆಯಾಚೆ ನಮ್ಮ ವಠಾರ. ಗೋಡೆಗೆ ಅಂಟಿಕೊಂಡೇ ಬೋರ್‌ವೆಲ್. ಮೇಡಂ ನೇರ ಅದರತ್ತಲೇ ಹಿಂದೆ ಹಿಂದೆ ಬಂದರು. ನನ್ನ ಕಾಲ ಕೆಳಗಿನ ಬ್ರೇಕ್ ಒತ್ತಿದೆ.

"ಮೇಡಂ, ನಮ್ಮ ಮನೆಗೆ ಬರೋದಾದ್ರೆ ಮುಂಬಾಗಿಲಿಂದ ಬನ್ನಿ."

ಇವಳಿಗೆ ಮೂರೂವರೆ ತಿಂಗಳಿಗೆ ಬಿತ್ತು. ಕಳೆದ ಸಲದ ಗಡಿ ದಾಟಿದೆವು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಇವಳು ಮಾತ್ರ ಪಾತ್ರೆಯತ್ತ ನೋಡಿ ನಕ್ಕಳು.

ಮೇ ೨೬

ಸ್ಕ್ಯಾನ್. ಸ್ಕ್ಯಾನ್ ಡಾಕ್ಟರಮ್ಮ ವಾಚಾಳಿ. "ಇದು ಕಾಲು. ಒದೆಯೋದು ನೋಡಿ. ಇದು ಮೂಗು, ಅಪ್ಪಂದು ಅನ್ಸುತ್ತೆ, ಏನೂ ಮಾಡೋಕಾಗಲ್ಲ." ನಾವಿಬ್ಬರೂ ನಕ್ಕೆವು. ಎದೆಗೆ ಬಂದರು. ಮಾತು ನಿಂತಿತು.

ಕಾದೆವು. ಅವರು ಅದೇ ಜಾಗಕ್ಕೆ ಮತ್ತೆ ಮತ್ತೆ ಹೋದರು. ಇವಳು ನನ್ನ ಕಿರುಬೆರಳು ಹಿಡಿದುಕೊಂಡಳು. ಕೈಯನ್ನಲ್ಲ, ಕಿರುಬೆರಳನ್ನು ಮಾತ್ರ.

"ಹೃದಯದ ಡಾಕ್ಟರ್ ಒಂದ್ಸಲ ನೋಡಲಿ," ಎಂದರು.

ಜೂನ್ ೨

ಹೃದಯದ ಡಾಕ್ಟರ್ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಕೆಳಗಿನ ಎರಡು ಕೋಣೆಗಳ ನಡುವೆ ಗೋಡೆ ಪೂರ್ತಿ ಕಟ್ಟಿಲ್ಲ. ಶ್ವಾಸಕೋಶಕ್ಕೆ ಹೋಗುವ ಕೊಳವೆ ಇಕ್ಕಟ್ಟು. ಹುಟ್ಟಿ ಕೆಲವು ತಿಂಗಳಿಗೆ ಆಪರೇಷನ್. ಹೆಚ್ಚಿನ ಮಕ್ಕಳು ಚೆನ್ನಾಗಿ ಬದುಕುತ್ತವೆ. ಹೆಚ್ಚಿನ.

ಆಮೇಲೆ ಪ್ರಶ್ನೆಗಳು. ಸಕ್ಕರೆ ಕಾಯಿಲೆ? ಮಾತ್ರೆ? ಮನೆಯಲ್ಲಿ ಯಾರಿಗಾದರೂ? ಎಲ್ಲಕ್ಕೂ ಇಲ್ಲ.

"ಕುಡಿಯೋ ನೀರು?"

"ಬೋರ್ ನೀರು ಸರ್. ಆದ್ರೆ ಕಾಯಿಸಿ ಅರ್ಧಕ್ಕಿಳಿಸ್ತೀನಿ. ನಾನೇ. ದಿನಾ." ಬಹುಮಾನ ಕೊಡುತ್ತಾರೇನೋ ಎಂಬಂತೆ ಎದೆ ಸೆಟೆಸಿ ಹೇಳಿದೆ.

ಅವರು ಬರೆಯುವುದನ್ನು ನಿಲ್ಲಿಸಿದರು. "ನಿಮ್ಮ ಬಡಾವಣೆಯಿಂದ ಈ ವರ್ಷ ಇನ್ನೂ ಇಬ್ಬರು ಬಂದಿದ್ರು. ಆ ನೀರನ್ನ ಒಮ್ಮೆ ಟೆಸ್ಟ್ ಮಾಡಿಸಿ."

ಹೊರಡುವಾಗ ಕೇಳಿದೆ, ಹೃದಯ ಯಾವಾಗ ತಯಾರಾಗುತ್ತೆ ಅಂತ.

"ಮೂರನೇ ವಾರಕ್ಕೆ ಶುರು, ಎಂಟರ ಹೊತ್ತಿಗೆ ಬಹುತೇಕ ಮುಗಿದಿರುತ್ತೆ. ಎರಡು ಗೆರೆ ನೋಡಿ ನೀವು ಖುಷಿಪಡೋ ಹೊತ್ತಿಗೆ ಕೆಲಸ ನಡೀತಾನೇ ಇರುತ್ತೆ."

ಜೂನ್ ೧೬

ಲ್ಯಾಬಿಗೆ ಎರಡು ಬಾಟಲಿ ಕೊಟ್ಟಿದ್ದೆ. ಒಂದು ನಲ್ಲಿಯದು, ಒಂದು ನನ್ನದು. ಹೋಲಿಸಿ ನೋಡಲಿ, ನನ್ನ ಕೈಗುಣ ತಿಳಿಯಲಿ ಅಂತ.

ಲ್ಯಾಬಿನವರು ಕನ್ನಡಕ ತೆಗೆದರು. "ಎರಡರಲ್ಲೂ ಆರ್ಸೆನಿಕ್ ಇದೆ. ಪಾಷಾಣ ಅಂತೀವಲ್ಲ, ಅದೇ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಈ ಎರಡನೇದು ಎಲ್ಲಿಂದ ತಂದ್ರಿ? ಇದರಲ್ಲಿ ಹತ್ತಿರ ಹತ್ತಿರ ಎರಡರಷ್ಟಿದೆ."

"ಅದು... ಕಾಯಿಸಿದ್ದು."

"ಕಾಯಿಸಿದ್ರೆ ಕ್ರಿಮಿ ಸಾಯುತ್ತೆ ಸರ್. ಇದು ಕ್ರಿಮಿ ಅಲ್ಲ. ನೀರು ಆವಿಯಾಗಿ ಹೋಗುತ್ತೆ, ಇದು ಉಳಿಯುತ್ತೆ."

ಕಾರಿನಲ್ಲಿ ಕೂತೆ. ಹೊರಡಲು ಆಗಲಿಲ್ಲ. ಹಿಂದಿನವನು ಹಾರ್ನ್ ಹೊಡೆದ. ಮೇಲೆ L ಬೋರ್ಡ್ ನೋಡಿ ಸುಮ್ಮನಾದ.

ಜೂನ್ ೧೭

ನೀರು ಕಾಯಿಸಲಿಲ್ಲ.

ಜೂನ್ ೨೦

ಕಂಬಗಳಿಗೆ ಕುಡಿಸುತ್ತಿದ್ದ ಔಷಧಿಯೂ ಇದೇ ಪಾಷಾಣವಂತೆ. ಹೃದಯದ ಡಾಕ್ಟರಿಗೆ ಫೋನ್ ಮಾಡಿದೆ, ಆ ಯಾರ್ಡಿನಲ್ಲೇ ನಿಂತು. ಇದರಿಂದಲೇ ಆಯಿತೇ?

"ಇಂಥ ನೀರು ಕುಡಿದ ಸಾವಿರಾರು ತಾಯಂದಿರನ್ನ ಒಟ್ಟಿಗೆ ನೋಡಿದ್ರೆ, ಅವರ ಮಕ್ಕಳಲ್ಲಿ ಇದು ಸ್ವಲ್ಪ ಹೆಚ್ಚು ಅಂತ ಕೆಲವು ಅಧ್ಯಯನಗಳಲ್ಲಿ ಕಂಡಿದೆ. ನಿಮ್ಮ ಒಂದು ಮಗುವಿಗೆ ಇದರಿಂದಲೇ ಅಂತ ಯಾರೂ ಹೇಳೋಕಾಗಲ್ಲ."

"ಇದರಿಂದ ಅಲ್ಲ ಅಂತ?"

"ಅದೂ ಆಗಲ್ಲ."

ಒಳ್ಳೆಯ ಮನುಷ್ಯ. ಸುಳ್ಳು ಹೇಳಬಹುದಿತ್ತು.

ಮಾಲೀಕರಿಗೆ ವರದಿ ತೋರಿಸಿದೆ. ಗೊಣಗಿದರು. ಕೊನೆಗೆ ನಲ್ಲಿಯ ಮೇಲೆ ತಗಡಿನ ಬೋರ್ಡ್ ಬಂತು: "ಕುಡಿಯಲು ಯೋಗ್ಯವಲ್ಲ." ಕುಡಿಯುವ ನೀರಿಗೆ ಊರಿನ ಆ ಕೊನೆಗೆ ಹೋಗಬೇಕು. ನನಗಾದರೆ ಕಾರಿದೆ. ಹಿಂದಿನ ಸೀಟಿನ ತುಂಬ ಕ್ಯಾನ್.

ಇವಳಿಗೂ ಹೇಳಿದೆ. ಬೋರಿನಲ್ಲಿ ವಿಷ ಇದೆಯಂತೆ ಎಂದೆ. ಅಲ್ಲಿಗೆ ನಿಲ್ಲಿಸಿದೆ.

ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ನನ್ನ ತಲೆ ನೇವರಿಸಿದಳು. "ನೀವು ಕಾಯಿಸಿದ್ದಕ್ಕೆ ಇಷ್ಟಕ್ಕೇ ಹೋಯ್ತು. ಇಲ್ಲದಿದ್ರೆ ಏನಾಗ್ತಿತ್ತೋ. ನಾನು ನಗಾಡ್ತಿದ್ದೆ."

ತಲೆಯಾಡಿಸಿದೆ. ಇದೂ ದಾಖಲಾಗಲಿ.

ಅಕ್ಟೋಬರ್ ೮

ಬಂತು. ಮೂಗು ನನ್ನದೇ. ಏನೂ ಮಾಡುವುದಕ್ಕಾಗುವುದಿಲ್ಲ.

ಅತ್ತರೆ ತುಟಿ ನೀಲಿಯಾಗುತ್ತದೆ. ಹಾಗಾದರೆ ಎರಡೂ ಮಂಡಿ ಮಡಚಿ ಎದೆಗೆ ಒತ್ತಿ ಹಿಡಿಯಬೇಕು ಎಂದು ನರ್ಸ್ ಹೇಳಿಕೊಟ್ಟಿದ್ದಾಳೆ. ಮೇಲಾಗಿ, ಆದಷ್ಟು ಅಳಿಸಬೇಡಿ ಎಂಬ ಆಜ್ಞೆ. ಲೋಕದಲ್ಲಿ ಯಾವ ಕೂಸಾದರೂ ಈ ಷರತ್ತಿಗೆ ಒಪ್ಪಿ ಹುಟ್ಟಿದೆಯೆ?

ನವೆಂಬರ್ ೧೯

ಉದ್ಯೋಗ ಬದಲಾಗಿದೆ. ಮನೆಯಲ್ಲಿ ವಿದೂಷಕ. ಗೇರ್ ಬದಲಿಸುವ ಸದ್ದನ್ನು ಬಾಯಲ್ಲಿ ಹೊರಡಿಸಿದರೆ ಕೂಸು ಅಳು ಮರೆತು ನೋಡುತ್ತದೆ. ಫಸ್ಟ್, ಸೆಕೆಂಡ್, ಥರ್ಡ್... ನಾಲ್ಕನೆಯದಕ್ಕೆ ಬಂದಾಗ ಬಾಯಿ ಮುಚ್ಚುತ್ತದೆ. ಬೇರೆ ಯಾರು ಮಾಡಿದರೂ ಆಗದು. ಇವಳು ಮಾಡಿದರೆ ಇನ್ನೂ ಜೋರಾಗಿ ಅಳುತ್ತದೆ. "ನಿಮ್ಮದೇ ಜಾತಿ," ಎನ್ನುತ್ತಾಳೆ. ಆಪರೇಷನ್‌ಗೆ ತೂಕ ಸಾಲದು. ಕಾಯಬೇಕು.

ಸಂಜೆ ವಠಾರದಲ್ಲಿ ನಡೆದು ಬಂದೆ. ಮನೆ ಮನೆಯ ಒಲೆಯ ಮೇಲೂ ಪಾತ್ರೆ, ಆವಿ. ಕ್ಯಾನ್ ಹೊರುವವರು ಯಾರು? ಯೋಗ್ಯವಲ್ಲ ಅಂದರೆ ಕಾಯಿಸಿದರಾಯಿತು. ಅತ್ತೆ ಪ್ರಚಾರಕ್ಕೆ ನಿಂತಿದ್ದಾರೆ — "ನಮ್ಮ ಅಳಿಯಂದ್ರು ಅರ್ಧಕ್ಕಿಳಿಸಿ ಕುಡಿಸಿದ್ದಕ್ಕೆ ಮಗು ಉಳೀತು ಕಣ್ರೀ. ನೀವೂ ಹಾಗೇ ಮಾಡಿ."

ಬೇಡ ಎನ್ನಲು ಬಾಯಿ ತೆರೆದೆ. ಇವಳು ಕೂಸನ್ನೆತ್ತಿಕೊಂಡು ಹೊಸ್ತಿಲಲ್ಲೇ ನಿಂತಿದ್ದಳು. ಕೆಮ್ಮಿ ಒಳಗೆ ಬಂದೆ.

ಡಿಸೆಂಬರ್ ೩, ಸಂಜೆ

ಮೂಲೆ ಮನೆಯ ಬೇಕರಿಯವನು ಬಂದಿದ್ದ. ಈ ವರ್ಷವೇ ಮದುವೆಯಾದವನು. ಕೈಯಲ್ಲಿ ಹೊಸ ಪಾತ್ರೆ, ಮುಖದ ತುಂಬ ಹಲ್ಲು.

"ಅಣ್ಣಾ, ಎರಡು ಗೆರೆ!"

"ಎಲ್ಲಿ, ಕಾರಿನ ಬಾಗಿಲ ಮೇಲಾ?" ಎಂದೆ. ಅಭ್ಯಾಸ.

"ಅಯ್ಯೋ, ನಮ್ಮನೆಯವಳಿಗೆ! ಇವತ್ತೇ ಗೊತ್ತಾಯ್ತು. ನಿಮ್ಮ ನೀರಿನ ಗುಟ್ಟು ಹೇಳಿಬಿಡಿ. ಅರ್ಧಕ್ಕೆ ಸಾಕಾ? ಇಲ್ಲ ಕಾಲು ಭಾಗಕ್ಕೆ ಇಳಿಸ್ಲಾ? ನಮ್ಮ ಬೇಕರಿ ಒಲೆಗೆ ದಮ್ಮಿದೆ ಅಣ್ಣಾ, ರಾತ್ರಿಯಿಡೀ ಇಟ್ಟರೂ ಸರಿ."

ಒಳಗೆ ಇವಳು ಕೂಸನ್ನು ಮಂಡಿಯ ಮೇಲೆ ಹಾಕಿಕೊಂಡು ತೂಗುತ್ತಿದ್ದಳು. "ಹೇಳಿಕೊಡ್ರೀ ಪಾಪ," ಎಂದಳು.

ಕಾಲು ಭಾಗ. ಲೆಕ್ಕ ತಾನಾಗಿಯೇ ಬಂತು.

"ಕಾಯಿಸಬೇಡ," ಎಂದೆ.

ಅವನು ಗಹಗಹಿಸಿ ನಕ್ಕ. "ನೋಡಿ ಅಕ್ಕಾ, ಇಲ್ಲೂ ಇವರ ತಮಾಷೆ!"

ಆಯುಷ್ಯವಿಡೀ ತಮಾಷೆ ಮಾಡಿದ್ದಕ್ಕೆ ಇದು ಸಂಬಳ. ಒಳಗಿನಿಂದ ಇವಳೂ ನಕ್ಕಳು. ನಾನೂ ನಕ್ಕುಬಿಟ್ಟಿದ್ದರೆ ಆಗುತ್ತಿತ್ತು. ಅವನು ಪಾತ್ರೆ ಹಿಡಿದು ಹೋಗುತ್ತಿದ್ದ.

ಅವನ ತೋಳು ಹಿಡಿದೆ. ಜೋರಾಗಿ ಹಿಡಿದೆನೇನೋ, ನಗು ನಿಂತಿತು.

"ತಮಾಷೆ ಅಲ್ಲಪ್ಪ. ಕಾಯಿಸಿದರೆ ವಿಷ ಹೋಗಲ್ಲ. ನೀರು ಹೋಗುತ್ತೆ, ವಿಷ ಉಳಿಯುತ್ತೆ. ನಾನು ಅರ್ಧಕ್ಕಿಳಿಸಿದ್ದರಲ್ಲಿ ಎರಡರಷ್ಟಿತ್ತು. ಲ್ಯಾಬಿನಲ್ಲಿ ತೋರಿಸಿದೀನಿ. ಹಸಿಯಾಗಿ ಕುಡಿದ ನಾನೂ ಅತ್ತೆಯೂ ವಾಸಿ. ನಿನ್ನ ಹೆಂಡತಿಗೆ ಆ ನೀರು ಒಂದು ಗುಟುಕೂ ಬೇಡ. ಕ್ಯಾನ್ ನಾನು ತಂದುಕೊಡ್ತೀನಿ. ದಿನಾ. ಇವತ್ತಿಗೆ ಈ ಕ್ಯಾನ್ ತಗೊಂಡು ಹೋಗು."

ಅವನು ನನ್ನ ಮುಖ ನೋಡಲಿಲ್ಲ. ನನ್ನ ಭುಜದ ಮೇಲಿಂದ ಒಳಗೆ ನೋಡಿದ. ತೂಗುವ ಸದ್ದು ನಿಂತಿತ್ತು.

ಕ್ಯಾನ್ ಎತ್ತಿಕೊಂಡು ಹೋದ. ಪಾತ್ರೆ ಇಲ್ಲೇ ಬಿಟ್ಟ.

ತಿರುಗಿದೆ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಗೋಡೆಗೊರಗಿದ್ದರು. ಇವಳು ಕೂತಲ್ಲೇ ಇದ್ದಳು.

"ಯಾವಾಗಿಂದ ಗೊತ್ತು?"

"ಜೂನ್."

ಇನ್ನೇನಾದರೂ ಕೇಳುತ್ತಾಳೆಂದು ನಿಂತೆ. ಬೈದರೆ ಚೆನ್ನಾಗಿತ್ತು. ಕೌಂಟರಿನಲ್ಲಿ ಸಾಲು ತಪ್ಪಿಸಿ ನುಗ್ಗುವವರಿಗೆ ಬೈಯುವ ಹಾಗೆ. "ನಿನಗೆ ಹೇಳಬೇಕು ಅಂತಲೇ..." ಎಂದು ಶುರು ಮಾಡಿದೆ.

"ದಿನಾ ಬೇಡ ಅಂದ್ರೂ ಕುಡಿಸ್ತಿದ್ರಿ," ಎಂದಳು. ಅಷ್ಟೇ.

ಕೂಸು ಮುಖ ಕಿವುಚಿತು. ಕೈ ಚಾಚಿ ಮುಂದೆ ಹೋದೆ. ಫಸ್ಟ್ ಗೇರಿನ ಸದ್ದು ಗಂಟಲಿಗೆ ಬಂದಿತ್ತು.

"ನೀವು ಬೇಡ."

ಎತ್ತಿಕೊಂಡು ಕೋಣೆಗೆ ಹೋದಳು. ಬಾಗಿಲು ಹಾಕಿದಳು.

ಹೊರಗೆ ಕೂತು ಇದನ್ನು ಬರೆಯುತ್ತಿದ್ದೇನೆ. ಅಳು ನಿಂತಿಲ್ಲ. ಮೊದಲು ಸಿಟ್ಟಿನ ಅಳು, ಈಗ ಉಸಿರಿಲ್ಲದ ಅಳು. ಮಂಡಿ ಮಡಚಿ ಹಿಡಿದಿರುತ್ತಾಳೆ. ಅವಳಿಗೆ ಗೊತ್ತು. ನನಗಿಂತ ಚೆನ್ನಾಗಿ ಗೊತ್ತು. ಬಾಗಿಲ ಆಚೆಯಿಂದ ಇವಳು ಗೇರ್ ಸದ್ದು ಮಾಡಲು ನೋಡುತ್ತಿದ್ದಾಳೆ — ಫಸ್ಟ್... ಸೆಕೆಂಡ್... ಅವಳಿಗೆ ಅದು ಬರುವುದಿಲ್ಲ. ಅತ್ತೆ ನನ್ನನ್ನೇ ನೋಡುತ್ತಿದ್ದಾರೆ. ಎದ್ದು ಹೋಗಲೆ? ಬೇಡ ಎಂದಿದ್ದಾಳೆ.

ಅಳು ತೆಳುವಾಗುತ್ತಿದೆ. ತೂಕಡಿಕೆಯೋ ಇಲ್ಲ ಉಸಿರೇ

ಬಾಗಿಲು ತೆರೆದು "ರೀ" ಎಂದಳು